ಮಾತಿನ ಮಗ್ಗುಲಲ್ಲಿ ಜುಬೇದಾಳ ನಿದ್ದೆ

ಬ್ಯಾಡಗಿಗೆ ಹೊಸಬರು ಬಂದರೆ ನಮ್ಮ ದಲಾಲಿ ಅಂಗಡಿಯ ಗೋದಾಮಿನಲ್ಲಿ ಐದು ನಿಮಿಷ ನಿಲ್ಲಲಾರರು. ಒಣ ಮೆಣಸಿನಕಾಯಿಯ ಘಾಟಿಗೆ ಸೀನಿ ಸೀನಿ ಓಡುತ್ತಾರೆ. ಅಂಥ ಜಾಗದಲ್ಲಿ ಜುಬೇದಾ ಮಧ್ಯಾಹ್ನದ ಬುತ್ತಿ ಉಂಡು, ಖಾಲಿ ಚೀಲ ಮಡಚಿ ತಲೆಗಿಟ್ಟುಕೊಂಡು ಹಾಯಾಗಿ ನಿದ್ದೆ ಹೋಗುತ್ತಿದ್ದಳು. ಗುಮಾಸ್ತನಾದ ನನಗೆ ಮನೆಯ ಫ್ಯಾನಿನ ಕೆಳಗೂ ಅಂಥ ನಿದ್ದೆ ಬಂದದ್ದಿಲ್ಲ. ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಕಾಯಿಯ ತೊಟ್ಟು ಮುರಿಯುವ ಕೆಲಸ ಅವಳದು. ಹೆಂಗಸರೆಲ್ಲ ಕೈಗೆ ಎಣ್ಣೆ ಸವರಿಕೊಂಡು ರಾಶಿಯ ಸುತ್ತ ಕೂರುತ್ತಾರೆ. ಕೈಗಿಂತ ಬಾಯಿ ಜೋರು. ಅವಳ ಗಂಡ ದಿಲಾವರ ಇದೇ ಪೇಟೆಯಲ್ಲಿ ಹಮಾಲನಾಗಿದ್ದ. ಮಹಾ ಮಾತುಗಾರ. ಹಾಸಿಗೆಯ ಮೇಲೂ ಪೇಟೆಯ ಸುದ್ದಿ ಹೇಳುತ್ತಲೇ ಇರುತ್ತಿದ್ದನಂತೆ. ಇವಳು ಹೂಂಗುಟ್ಟುತ್ತಲೇ ನಿದ್ದೆ ಹೋಗುತ್ತಿದ್ದಳಂತೆ. ಹೋದ ವರ್ಷ ಅವನು ತೀರಿಕೊಂಡ. ಮಗಳು ಬೇನಜೀರ ರಾಣೆಬೆನ್ನೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಬಾಡಿಗೆಯ ಒಂದೇ ಕೋಣೆಯಲ್ಲಿ ಇವಳೊಬ್ಬಳೇ. ಅಲ್ಲಿ ಅವಳಿಗೆ ಕಣ್ಣು ಹತ್ತುವುದಿಲ್ಲ ಎಂಬುದು ನಮಗಾರಿಗೂ ಗೊತ್ತಿರಲಿಲ್ಲ.

ಆ ಹೆಂಗಸರಲ್ಲಿ ಹಿರಿಯಾಕೆ ಹೊನ್ನವ್ವನಿಗೆ ಅಂತಃಕರಣ ಜಾಸ್ತಿ. ಒಂದು ಮಧ್ಯಾಹ್ನ ಜುಬೇದಾ ಮಲಗಿದೊಡನೆ ಎಲ್ಲರನ್ನೂ ಗದರಿಸಿದಳು.

“ಬಾಯಿ ಮುಚ್ಚರೇ. ದಣದೈತಿ ಜೀವ, ಮಲಗಲಿ.”

ಗೋದಾಮು ಗಪ್‌ಚಿಪ್ ಆಯಿತು. ಜುಬೇದಾ ತಟ್ಟನೆ ಎದ್ದು ಕೂತಳು. ಮರುದಿನವೂ ಹಾಗೇ. ಹೊನ್ನವ್ವ ಉಳಿದವರನ್ನು ಹೊರಗಿನ ಕಟ್ಟೆಗೆ ಅಟ್ಟಿ, ಬಾಗಿಲು ಮುಂದೆ ಮಾಡಿದಳು. ಶಾಣ್ಯಾ ನಾನು, ಅಂಗಡಿಯ ರೇಡಿಯೊವನ್ನೂ ಬಂದ್ ಮಾಡಿದೆ! ಕೆಲವೇ ದಿನಗಳಲ್ಲಿ ಜುಬೇದಾಳ ಮುಖ ಇಳಿದುಹೋಯಿತು. ಕೂತಲ್ಲೇ ತೂಕಡಿಸಿ, ಖಾರದ ಕೈಯಿಂದ ಕಣ್ಣುಜ್ಜಿಕೊಂಡು ಚೀರಿದಳು.

ಹೊನ್ನವ್ವ ಅವಳ ಕಣ್ಣಿಗೆ ನೀರು ಎರಚುತ್ತ ಬೈದಳು. “ಮನ್ಯಾಗ ನಿದ್ದಿ ಮಾಡೂದಿಲ್ಲೇನ ನೀ?”

“ಮನ್ಯಾಗ ಯಾರೂ ಮಾತಾಡೂದಿಲ್ಲ, ಹೊನ್ನಕ್ಕ.”

“ಟಿವಿ ಹಚ್ಚಬೇಕಿಲ್ಲ?”

“ಹಚ್ಚಿ ನೋಡೇನಿ. ಅದು ನನ್ನ ಕೂಡ ಮಾತಾಡೂದಿಲ್ಲಲ್ಲ. ನಿಮ್ಮ ದನಿ ಕೇಳಿದ್ರ ನಮ್ಮವರು ಅದಾರ ಅನಸ್ತೈತಿ. ನೀವು ಸುಮ್ಮನಾದ್ರ ಇಲ್ಲೂ ನಾ ಒಬ್ಬಾಕೀನ.”

ಇಡೀ ದಿನ ಗಂಟಲು ಹರಿದುಕೊಳ್ಳುವ ಹೆಂಗಸರು ರಾಶಿ ಬಿಟ್ಟು ಅವಳ ಸುತ್ತ ಬಂದು ಕೂತರು. ಹೊನ್ನವ್ವ ಮೂಗೊರೆಸಿಕೊಂಡು, ತನ್ನ ಎಮ್ಮೆ ಪಕ್ಕದವರ ಹಿತ್ತಲಿಗೆ ನುಗ್ಗಿದ ಕಥೆ ತೆಗೆದಳು. ಎಲ್ಲರೂ ಕೇಳಿ ಕೇಳಿ ಬೇಸತ್ತ ಕಥೆ. ಜುಬೇದಾ ಚೀಲಕ್ಕೆ ತಲೆಯಿಟ್ಟು “ಹೂಂ” ಅಂದಳು. ಎರಡನೆಯ ಹೂಂ ಬರಲಿಲ್ಲ.

ಈಗ ಹಂಗಾಮು ಮುಗಿಯುತ್ತ ಬಂದಿದೆ. ಹೆಂಗಸರು ತಮ್ಮ ತಮ್ಮ ಊರಿನ ಹೊಲದ ಕೆಲಸಕ್ಕೆ ಹೋಗುತ್ತಾರೆ. ಬರುವ ವಾರ ಗೋದಾಮಿಗೆ ಬೀಗ ಹಾಕಬೇಕು. ಪ್ರತಿ ವರ್ಷ ಹಾಕುವವನು ನಾನೇ, ಈ ಸಲ ಮಾತ್ರ ಸಂಕಟವಾಗುತ್ತಿದೆ.

“ಮತ್ತ ಯಾವಾಗ ತೆಗೀತೀರಿ, ಅಣ್ಣಾರ?” ನಿನ್ನೆ ಜುಬೇದಾ ಕೇಳಿದಳು.

“ಹೊಸ ಕಾಯಿ ಬಂದಮ್ಯಾಲ, ಯವ್ವಾ.”

“ಅಲ್ಲೀತನಾ ನಾ ಎಚ್ಚರ ಇರಬೇಕಲ್ರಿ,” ಎಂದು ನಕ್ಕಳು. ನನಗೆ ನಗಲಾಗಲಿಲ್ಲ.