ಕಥೆ ಹೇಳುವಾಗ ಎಡಕ್ಕೆ ನೋಡಿದವಳು

ನನ್ನ ಹೆಂಡತಿ ವನಮಾಲಾ ಹಾಲಿನ ಪ್ಯಾಕೆಟ್ಟನ್ನು ಕೈಯಲ್ಲಿ ತೂಗಿ ನೋಡದೆ ಒಳಗೆ ತರುವುದಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು, ಹಾಲಿನವನು ಒಂದು ಹನಿ ಕಡಿಮೆ ಕೊಟ್ಟದ್ದು ಇದುವರೆಗೆ ಸಾಬೀತಾಗಿಲ್ಲ. ಅದು ಅವನ ಪ್ರಾಮಾಣಿಕತೆಯಲ್ಲ, ತಾನು ತೂಗುತ್ತೇನೆಂಬ ಹೆದರಿಕೆ ಎಂದು ಅವಳ ವಾದ. ನಾನು ಮುಂಬಯಿ ಪಕ್ಕದ ಠಾಣೆಯ ಔಷಧಿ ಕಂಪೆನಿಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಸಂಜೆ ಇಪ್ಪತ್ತು ನಿಮಿಷ ತಡವಾದರೆ ಅವಳು "ಟ್ರೈನ್ ಲೇಟಾ?" ಎಂದು ಕೇಳುವುದಿಲ್ಲ. ಯಾವ ಟ್ರೈನು ಎಷ್ಟು ಲೇಟು ಎಂದು ಮೊಬೈಲಿನಲ್ಲಿ ನೋಡಿಕೊಂಡೇ ಬಾಗಿಲು ತೆಗೆಯುತ್ತಾಳೆ.

ಇದನ್ನು ದೂರು ಎಂದು ಬರೆಯುತ್ತಿಲ್ಲ. ಅವಳ ಕೆಲಸವೇ ಅಂಥದು. ಡೊಂಬಿವಿಲಿಯಲ್ಲಿ ಕನ್ನಡ ಸಂಘದವರು ನಡೆಸುವ ಪ್ರಾಥಮಿಕ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಟೀಚರು, ಈಗ ನಾಲ್ಕನೇ ತರಗತಿ. ಹೋಂವರ್ಕನ್ನು ಅಮ್ಮ ಬರೆದುಕೊಟ್ಟರೆ ಅಕ್ಷರದ ಬಾಲ ನೋಡಿಯೇ ಹಿಡಿಯುತ್ತಾಳೆ. ಚಿತ್ರಕ್ಕೆ ಅಕ್ಕ ಬಣ್ಣ ತುಂಬಿದ್ದರೆ ಅದೂ ಗೊತ್ತಾಗುತ್ತದೆ. ಇತ್ತೀಚೆಗೆ ಅವಳಿಗೆ ಹೊಸ ಶತ್ರು ಸಿಕ್ಕಿದೆ, ಮೊಬೈಲು. "ಈಗ ಅದರ ಹತ್ರ ಕೇಳಿದ್ರೆ ಪ್ರಬಂಧವನ್ನೂ ಬರೆದು ಕೊಡ್ತದೆ, ಗೊತ್ತುಂಟಾ ನಿಮಗೆ? ನಾನು ಇನ್ನು ಯಾರ ಅಕ್ಷರ ಅಂತ ಹಿಡಿಯುದು?" ಎಂದು ಊಟಕ್ಕೆ ಕುಳಿತಾಗೆಲ್ಲ ಕೇಳುತ್ತಾಳೆ.

ಜೂನ್‌ನಲ್ಲಿ ಪೋಷಕರ ಸಭೆ ಕರೆದು ಅವಳೇ ನಿಯಮ ಹೇಳಿದ್ದಳು. ಮಕ್ಕಳಿಗೆ ಮೊಬೈಲು ದಿನಕ್ಕೆ ಅರ್ಧ ಗಂಟೆ ಮಾತ್ರ, ಆ ಅರ್ಧ ಗಂಟೆಯೂ ಮನೆಯ ದೊಡ್ಡವರೊಬ್ಬರು ಪಕ್ಕದಲ್ಲಿ ಕೂತಿರಬೇಕು. ಆದರೆ ಪೂರ್ತಿ ಬೇಡವೆನ್ನಲು ಅವಳಿಗೂ ಸಾಧ್ಯವಿರಲಿಲ್ಲ. ಆ ಶಾಲೆಯ ಹೆಚ್ಚಿನ ಪೋಷಕರು ಇಲ್ಲೇ ಹುಟ್ಟಿ ಮರಾಠಿಯಲ್ಲಿ ಓದಿದವರು, ಇಲ್ಲವೇ ಓದದೆ ಕೆಲಸಕ್ಕೆ ಬಂದವರು. ಕನ್ನಡ ಮಾತಾಡಬಲ್ಲರು, ಓದಲಾರರು. ಹಾಗಾಗಿ ವನಮಾಲಾ ಹೋಂವರ್ಕನ್ನು ತನ್ನ ದನಿಯಲ್ಲೇ ಹೇಳಿ ತರಗತಿಯ ವಾಟ್ಸಾಪ್ ಗುಂಪಿಗೆ ಕಳಿಸುತ್ತಾಳೆ. ಮಕ್ಕಳು ಕೊನೆಯವರೆಗೆ ಕೇಳಲಿ ಎಂದು ತುದಿಗೊಂದು ಪುಟ್ಟ ಕಥೆ ಇರುತ್ತದೆ. ಕಥೆ ಹೇಳುವುದರಲ್ಲಿ ಅವಳು ನಿಜಕ್ಕೂ ಜಾಣೆ.

ಕಳೆದ ಡಿಸೆಂಬರಿನಲ್ಲಿ ನವಿ ಮುಂಬಯಿಯ ಕನ್ನಡ ಬಳಗವೊಂದು ಮಕ್ಕಳಿಗೆ ಕಥೆ ಹೇಳುವ ಸ್ಪರ್ಧೆ ಇಟ್ಟಿತು. ಕಥೆ ಸ್ವಂತದ್ದಾಗಿರಬೇಕು. ಮೊದಲು ಮೂರು ನಿಮಿಷದ ವಿಡಿಯೋ ಕಳಿಸಬೇಕು, ಆರಿಸಿದ ಎಂಟು ಮಕ್ಕಳು ಐರೋಲಿಯ ಸಭಾಂಗಣದಲ್ಲಿ ಭಾನುವಾರ ಎದುರಿಗೆ ನಿಂತು ಹೇಳಬೇಕು. ಇವಳ ಶಾಲೆಯ ಯಾವ ಮಗುವೂ ಹಿಂದೆಂದೂ ಇಂಥದ್ದಕ್ಕೆ ಆಯ್ಕೆಯಾಗಿರಲಿಲ್ಲ. ಈ ಸಲ ಒಬ್ಬಳ ಹೆಸರು ಬಂತು. ರಮಿತಾ, ನಾಲ್ಕನೇ ತರಗತಿ, ಡೊಂಬಿವಿಲಿ ಹತ್ತಿರದ ದಿವಾದವಳು.

ಮುಖ್ಯೋಪಾಧ್ಯಾಯಿನಿ ಶರ್ಮಿಳಾ ಮೇಡಂ ಪೇಡೆ ತರಿಸಿದರಂತೆ. ವನಮಾಲಾ ತನ್ನ ಪಾಲಿನ ಪೇಡೆಯನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದು ಮೇಜಿನ ಮೇಲಿಟ್ಟಳು.

"ತಿನ್ಲಿಕ್ಕೆ ಮನಸ್ಸು ಬರ್ಲಿಲ್ಲ ಮಾರಾಯ್ರೆ. ಆ ಹುಡುಗಿ ತರಗತಿಯಲ್ಲಿ ಬಾಯಿಯೇ ಬಿಡುದಿಲ್ಲ. ಹಾಜರಿ ಕೂಗಿದ್ರೆ ಕೈ ಎತ್ತುತ್ತಾಳೆ, ಅಷ್ಟೆ. ಅವಳು ಕಥೆ ಹೇಳುದು ಅಂದ್ರೆ?"

ರಮಿತಾಳ ಅಪ್ಪ ಅಮ್ಮ ಕಲಬುರಗಿ ಕಡೆಯವರು, ಇಬ್ಬರೂ ಡೊಂಬಿವಿಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಂಪೆನಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿರುವುದು ಅಜ್ಜಿ ಮಾತ್ರ. ಹೇಳಿಕೊಡುವವರು ಯಾರು ಎಂಬುದು ವನಮಾಲಾಳ ಪ್ರಶ್ನೆ. ಹನ್ನೊಂದನೇ ತರಗತಿಯಲ್ಲಿರುವ ನಮ್ಮ ಮಗಳು ನಿಶಾ, ರಮಿತಾಳ ಮನೆಯವರು ನೇರವಾಗಿ ಬಳಗಕ್ಕೆ ಕಳಿಸಿದ್ದ ಆ ವಿಡಿಯೋವನ್ನು ಟಿವಿಗೆ ಹಾಕಿಕೊಟ್ಟಳು. ಮೂವರೂ ಸೋಫಾದಲ್ಲಿ ಕುಳಿತು ನೋಡಿದೆವು.

ಕಥೆ ಒಂದು ಪಾರಿವಾಳದ್ದು. ಅದು ದಿವಾ ಸ್ಟೇಷನ್ನಿನಲ್ಲಿ ರೈಲಿನ ಸಮಯ ತೋರಿಸುವ ಇಂಡಿಕೇಟರಿನ ಮೇಲೆ ಗೂಡು ಕಟ್ಟಿ ಎರಡು ಮೊಟ್ಟೆ ಇಟ್ಟಿದೆ. ಪ್ಲಾಟ್‌ಫಾರ್ಮಿಗೆ ಬಂದ ಪ್ರತಿಯೊಬ್ಬರೂ ತಲೆಯೆತ್ತಿ ಅದರ ಕಡೆಗೇ ನೋಡುತ್ತಾರೆ. ಇಷ್ಟು ಜನ ದಿನವೂ ತನ್ನ ಮೊಟ್ಟೆ ನೋಡಲೆಂದೇ ಬರುತ್ತಾರೆಂದು ಪಾರಿವಾಳಕ್ಕೆ ಹೆಮ್ಮೆ. ಒಂದು ದಿನ ಇಂಡಿಕೇಟರು ಕೆಟ್ಟುಹೋಗುತ್ತದೆ, ಯಾರೂ ಮೇಲೆ ನೋಡುವುದಿಲ್ಲ. ಮೊಟ್ಟೆ ಒಡೆದು ಮರಿ ಬರುವುದು ಅದೇ ದಿನ. ನಾನು ನಗುತ್ತಿದ್ದೆ. ವನಮಾಲಾ ನಗಲಿಲ್ಲ.

"ಒಂಬತ್ತು ವರ್ಷದ ಮಗು ಯೋಚಿಸುವ ಕಥೆಯಾ ಇದು? ಮೊಬೈಲು ಬರೆದದ್ದು, ಇಲ್ಲದಿದ್ರೆ ಯಾರೋ ಬರೆದು ಕೊಟ್ಟದ್ದು. ಕಣ್ಣು ನೋಡಿ ಅವಳದ್ದು. ಎಡಕ್ಕೆ ಹೋಯ್ತಾ? ಈಗ ನೋಡಿ, ಪುನಃ ಎಡಕ್ಕೆ."

ಹೌದು, ಹುಡುಗಿ ನಡುನಡುವೆ ಎಡಕ್ಕೆ ನೋಡುತ್ತಿದ್ದಳು. ಕಥೆ ರಂಗೇರುವ ಹೊತ್ತಿಗೆ ಸರಿಯಾಗಿ ಚಕ್ಕನೆ ಒಂದು ನೋಟ, ಮರುಕ್ಷಣ ಮತ್ತೆ ನೇರ. ಎಣಿಸಿದೆವು, ನಾಲ್ಕು ಸಲ. ಅಲ್ಲಿ ಯಾರೋ ನಿಂತು ಹೇಳಿಕೊಡುತ್ತಿದ್ದಾರೆ ಎಂದು ವನಮಾಲಾ. ತುಟಿ ಚಲನೆ ನೋಡುವಷ್ಟು ಹೊತ್ತು ಅವಳು ಆ ಕಡೆ ನೋಡುವುದಿಲ್ಲವಲ್ಲ ಎಂದು ನಾನು. ಆಗ ನಿಶಾ ಮೊಬೈಲಿನಿಂದ ತಲೆಯೆತ್ತದೆ, "ಮಮ್ಮೀ, ಬಾಲ್ ಖುಲೇ ಹೈ ನಾ. ಕಾನ್ ಮೇ ಇಯರ್‌ಬಡ್ ಹೋಗಾ" ಎಂದಳು.

ವಿಡಿಯೋದಲ್ಲಿ ರಮಿತಾಳ ಬಿಚ್ಚಿದ ಕೂದಲು ಎರಡೂ ಕಿವಿ ಮುಚ್ಚಿತ್ತು, ಒಳಗೆ ಇಯರ್‌ಬಡ್ ಇದ್ದರೂ ಕಾಣುವಂತಿರಲಿಲ್ಲ. ನಿಶಾ ತಮಾಷೆಗೆ ಹೇಳಿದ ಮಾತು ವನಮಾಲಾಳಿಗೆ ವೇದವಾಯಿತು. ವಿಡಿಯೋ ಏಳು ಸಲ ಓಡಿತು. ಕೊನೆಕೊನೆಗೆ ನನಗೂ ಕೂದಲ ಸಂದಿಯಲ್ಲಿ ಏನೋ ಬಿಳಿಯಾಗಿ ಕಾಣತೊಡಗಿತು. ಸಂಶಯದ ರುಚಿ ಹತ್ತಿದರೆ ಬಿಡುವುದಿಲ್ಲ, ನನಗೂ ಹತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಗುರುವಾರ ಅವಳು ರಮಿತಾಳನ್ನು ಸ್ಟಾಫ್ ರೂಮಿಗೆ ಕರೆಸಿದಳು. ಟೀಚರುಗಳೆಲ್ಲ ಕುಳಿತಿದ್ದರು, ಇವಳು ಎದುರಿನ ಕುರ್ಚಿಯಲ್ಲಿ. ಹೇಳು ಎಂದಾಗ ಹುಡುಗಿ "ಒಂದು ಸ್ಟೇಷನ್ನಿತ್ತು" ಎಂದಳು, "ಅಲ್ಲೊಂದು ಪಾರಿವಾಳ" ಎಂದಳು, ಇವಳ ಮುಖ ನೋಡಿದಳು, ನಿಲ್ಲಿಸಿದಳು. ಆಮೇಲೆ ಎಷ್ಟು ಪುಸಲಾಯಿಸಿದರೂ ಒಂದು ಶಬ್ದ ಹೊರಡಲಿಲ್ಲ. ವನಮಾಲಾ ಎದ್ದು ಹೋಗಿ ಎಲ್ಲರೆದುರು ಅವಳ ಕೂದಲು ಸರಿಸಿ ಎರಡೂ ಕಿವಿ ಪರೀಕ್ಷಿಸಿದಳು.

ಸಂಜೆ ಅದನ್ನು ಅವಳೇ ನನಗೆ ಹೇಳಿದ್ದು. "ಕಿವಿ ನೋಡಿದೆ, ಖಾಲಿ. ಅದಕ್ಕೇ ಬಾಯಿಯೂ ಖಾಲಿ."

ನಾನು ನಕ್ಕೆ. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗ ನಕ್ಕದ್ದು ನಿಜ.

ಅದೇ ದಿನ ಅವಳು ರಮಿತಾಳ ಅಪ್ಪನಿಗೆ ಫೋನು ಮಾಡಿ ಮಗಳ ಕೈಗೆ ಇನ್ನು ಮೊಬೈಲು ಕೊಡಬಾರದೆಂದು ತಾಕೀತು ಮಾಡಿದಳು. ಹೆಸರು ಹಿಂದಕ್ಕೆ ಪಡೆಯುತ್ತೇವೆಂದು ಬಳಗದವರಿಗೆ ಮೆಸೇಜು ಕೂಡ ಬರೆದಿಟ್ಟಳು. ಕಳಿಸಲು ಶನಿವಾರ ರಾತ್ರಿ ಎಂಟರವರೆಗೆ ಸಮಯವಿತ್ತು. ಶರ್ಮಿಳಾ ಮೇಡಂ ಮಾತ್ರ, "ಮನೆಗೊಮ್ಮೆ ಹೋಗಿ ನೋಡಿ ವನಮಾಲಾ, ಆಮೇಲೆ ಹೆಸರು ತೆಗೆಯುವ. ಒಮ್ಮೆ ಕಳ್ಳಿ ಅಂತ ಆದ್ರೆ ಆ ಮಗು ಇಲ್ಲಿಂದ ಹೋಗುವವರೆಗೂ ಕಳ್ಳಿಯೇ" ಎಂದರು. ಹೋಗಲು ವನಮಾಲಾ ಒಪ್ಪಿದಳು, ಆದರೆ ಕಾರಣ ಬೇರೆ. ಹೇಳಿಕೊಡುವವರನ್ನು ಕೈಯಾರೆ ಹಿಡಿಯಬೇಕಿತ್ತು. ಹೇಳದೆ ಕೇಳದೆ ಹೋಗುವುದೆಂದು ನಿಶ್ಚಯವಾಯಿತು. ಸಾಕ್ಷಿಗೆ ನಾನು.

ಶನಿವಾರ ಮಧ್ಯಾಹ್ನ ಸ್ಲೋ ಲೋಕಲ್ ಹಿಡಿದು ದಿವಾದಲ್ಲಿ ಇಳಿದೆವು. ಶಾಲೆಯ ದಾಖಲೆಯಲ್ಲಿದ್ದ ವಿಳಾಸ ಕೇಳಿಕೊಂಡು ಹೋದರೆ ನಾಲ್ಕು ಮಾಳಿಗೆಯ ಕಟ್ಟಡ, ಲಿಫ್ಟಿಲ್ಲ. ಮೆಟ್ಟಿಲ ಪ್ರತಿ ತಿರುವಿನಲ್ಲೂ ನೀಲಿ ನೀರಿನ ಡ್ರಮ್ಮು. ಎರಡನೇ ಮಾಳಿಗೆ ಹತ್ತುವಾಗ ವನಮಾಲಾ ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು. ಮೇಲಿನಿಂದ ಹುಡುಗಿಯ ದನಿ ಕೇಳುತ್ತಿತ್ತು.

"ಅವಳೇ. ಪ್ರಾಕ್ಟೀಸ್ ಮಾಡಿಸ್ತಾ ಇದ್ದಾರೆ. ಶಬ್ದ ಮಾಡ್ಬೇಡಿ" ಎಂದಳು ಪಿಸುದನಿಯಲ್ಲಿ.

ಕಳ್ಳರ ಹಾಗೆ ಇನ್ನೂ ಐದಾರು ಮೆಟ್ಟಿಲು ಹತ್ತಿ ಡ್ರಮ್ಮಿನ ಮರೆಯಿಂದ ನೋಡಿದೆವು. ಮೆಟ್ಟಿಲ ಮೇಲೆ ನಾಲ್ಕೈದು ಪುಟ್ಟ ಮಕ್ಕಳು ಕುಳಿತಿದ್ದರು, ಆ ಕಟ್ಟಡದ ಕಲಬುರಗಿ ಕಡೆಯ ಮನೆಗಳವರೇ. ಅವರೆದುರು ರಮಿತಾ. ಒಂದು ಟವೆಲನ್ನು ಹೆಗಲ ಮೇಲೆ ಸೆರಗಿನಂತೆ ಹಾಕಿ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಕೈಯಲ್ಲಿ ಅಡಿಕೋಲು. ಮೊಬೈಲು ಎಲ್ಲೂ ಇರಲಿಲ್ಲ, ಪಕ್ಕದಲ್ಲಿ ದೊಡ್ಡವರು ಯಾರೂ ಇರಲಿಲ್ಲ. ಪಾರಿವಾಳದ ಕಥೆ ನೀರು ಹರಿದ ಹಾಗೆ ಬರುತ್ತಿತ್ತು. ಮೊಟ್ಟೆ ಬಿರುಕು ಬಿಡುವಲ್ಲಿ ದನಿ ತಗ್ಗಿಸಿದಳು, ಅಡಿಕೋಲಿನಿಂದ ಗೋಡೆಗೆ ಎರಡು ಸಲ ತಟ್ಟಿದಳು, ಚಕ್ಕನೆ ಎಡಕ್ಕೆ ನೋಡಿದಳು. ಎಡಕ್ಕೆ ಬರೀ ಗೋಡೆಯಿತ್ತು.

ಕೆಳಮೆಟ್ಟಿಲ ಹುಡುಗಿಯೊಬ್ಬಳು ಕೇಳಿದಳು, "ಅಕ್ಕಾ, ನೀ ಯಾಕ ಆ ಕಡಿ ನೋಡ್ತಿ?"

"ನಮ್ಮ ಟೀಚರ್ ಹಂಗ ನೋಡ್ತಾರ. ಕಥಿ ಹೇಳ್ಬೇಕಾದ್ರ ನಡುನಡುವ ಹಂಗ ನೋಡ್ಬೇಕು. ಇಲ್ಲಂದ್ರ ಕಥಿ ಚೊಲೋ ಆಗಂಗಿಲ್ಲ" ಎಂದಳು ರಮಿತಾ, ಯಾವುದೋ ವಿದ್ಯೆಯ ಗುಟ್ಟು ಬಿಟ್ಟುಕೊಡುವವಳ ಗತ್ತಿನಲ್ಲಿ.

ವನಮಾಲಾಳ ತರಗತಿಯ ಬಾಗಿಲು ಇರುವುದು ಎಡಕ್ಕೆ. ತಡವಾಗಿ ಬಂದವರು ನುಸುಳುತ್ತಾರೋ, ಹೊರಗೆ ಯಾರಾದರೂ ನಿಂತು ಕೇಳುತ್ತಾರೋ ಎಂದು ಪಾಠದ ನಡುವೆಯೂ ಅವಳ ಕಣ್ಣು ಆ ಕಡೆ ಹೋಗುತ್ತದೆ. ಮನೆಯಲ್ಲಿ ಒಗ್ಗರಣೆ ಹಾಕುತ್ತಾ ನನ್ನೊಡನೆ ಮಾತಾಡುವಾಗಲೂ ಅಷ್ಟೆ. ಇಪ್ಪತ್ತೆರಡು ವರ್ಷದಿಂದ ನೋಡುತ್ತಿರುವ ನೋಟ. ಟಿವಿಯಲ್ಲಿ ಅದನ್ನು ಏಳು ಸಲ ನೋಡಿದರೂ ನನಗೆ ಹೊಳೆಯಲಿಲ್ಲ. ಆ ಸೆರಗು, ಆ ಅಡಿಕೋಲು, ಆ ತಗ್ಗಿದ ದನಿ, ಎಲ್ಲ ಇವಳದೇ. ಪಾರಿವಾಳ ಮಾತ್ರ ಆ ಮಗುವಿನ ಸ್ವಂತದ್ದು.

ನನ್ನ ಮೊಣಕೈ ಹಿಡಿದಿದ್ದ ಕೈ ಸಡಿಲವಾಯಿತು. ನಾನು ಹೆಂಡತಿಯ ಮುಖ ನೋಡುವ ಧೈರ್ಯ ಮಾಡಲಿಲ್ಲ. ಅಷ್ಟರಲ್ಲಿ ಡ್ರಮ್ಮಿನ ಮೇಲಿದ್ದ ಚೊಂಬಿಗೆ ಅವಳ ಭುಜ ತಾಗಿ ಅದು ಉರುಳಿತು, ಮಕ್ಕಳೆಲ್ಲ ತಿರುಗಿದರು.

ರಮಿತಾ ನಮ್ಮನ್ನು ನೋಡಿದಳು. ಟವೆಲು ಎಳೆದು ಹಾಕಿದಳು. ಆಮೇಲೆ, ಯಾರೂ ಏನೂ ಕೇಳುವ ಮೊದಲೇ, ಎರಡೂ ಕೈಯಿಂದ ಕೂದಲು ಹಿಂದಕ್ಕೆ ಸರಿಸಿ, ಮುಖವನ್ನು ಈ ಕಡೆ ಒಮ್ಮೆ ಆ ಕಡೆ ಒಮ್ಮೆ ತಿರುಗಿಸಿ ವನಮಾಲಾಳಿಗೆ ತನ್ನ ಕಿವಿಗಳನ್ನು ತೋರಿಸಿದಳು.

ವನಮಾಲಾ ಬಗ್ಗಿ ಉರುಳಿದ ಚೊಂಬನ್ನು ಎತ್ತಿಕೊಂಡಳು.

ಚೊಂಬಿನ ಸದ್ದಿಗೆ ಅಜ್ಜಿ ಹೊರಗೆ ಬಂದರು. ಶರಣಬಸಮ್ಮ ಎಂದು ಹೆಸರು, ತೆಳ್ಳಗಿನ ಹೆಂಗಸು. ಟೀಚರು ಮನೆಗೆ ಬಂದದ್ದು ಅವರಿಗೆ ಹಬ್ಬ. ಒಳಗೆ ಕರೆದು ಚಾಪೆ ಹಾಸಿದರು, ಬೇಡವೆಂದರೂ ಚಹಾಕ್ಕೆ ಇಟ್ಟರು. ನಮ್ಮ ಮುಖದಲ್ಲಿ ಏನಿತ್ತೋ, ತಾವೇ ತಪ್ಪಿತಸ್ಥರ ಹಾಗೆ ವಿವರಿಸತೊಡಗಿದರು.

"ಫೋನ್ ಕೊಡಂಗಿಲ್ರೀ ಬಾಯಾರ. ನೀವು ಹೇಳಿದ ದಿನಾನ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕೀವಿ. ಮೊದ್ಲೂ ನೀವ್ ಹೇಳಿದಂಗ ಅರ್ಧ ತಾಸ ಕೊಡ್ತಿದ್ದಿವ್ರಿ, ನಾ ಬಾಜೂಕ ಕೂಡ್ತಿದ್ದೆ. ಆ ಅರ್ಧ ತಾಸೂ ನಿಮ್ಮ ಕಥೀನ ಹಚ್ಚಿ ಕೇಳ್ತಿತ್ತು. ಕೇಳಿದ್ದ ಕೇಳೂದು, ನಿಮ್ಹಂಗ ಮಾಡಿ ತೋರ್ಸೂದು. ಬ್ಯಾರೆ ಏನೂ ನೋಡ್ಲಿಲ್ರೀ."

"ಮತ್ತೆ ಶಾಲೆಯಲ್ಲಿ ಯಾಕೆ ಹೇಳ್ಲಿಲ್ಲ?" ಎಂದು ನಾನು ಕೇಳಿದೆ.

"ನಾಚಿಕಿ ಬಂತಂತ್ರಿ. ಟೀಚರ್ ಎದುರಿಗಿ ಟೀಚರ್ ಆಗೂದು ಹ್ಯಾಂಗ ಅಂತ ಕೇಳ್ತು."

ವನಮಾಲಾ ಚಹಾದ ಲೋಟ ಕೆಳಗಿಟ್ಟು ರಮಿತಾಳನ್ನು ಹತ್ತಿರ ಕರೆದಳು. ಹುಡುಗಿ ಬಂದು ಒಂದು ಮಾರು ದೂರ ನಿಂತಳು.

"ರಮಿತಾ, ನಂದು ತಪ್ಪಾಯ್ತು. ಕಥೆ ನಿನ್ನದೇ ಅಂತ ನಾನು ನಂಬ್ಲಿಲ್ಲ. ನಂಬಬೇಕಿತ್ತು. ನಾಳೆ ಐರೋಲಿಗೆ ಬರ್ತೀಯಾ?"

ಹುಡುಗಿ ಅಜ್ಜಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ನೀವು ಎದುರಿಗಿ ಕೂತಿರ್ತೀರೇನ್ರಿ ಟೀಚರ್?"

"ಇಲ್ಲ. ನಾನು ಹೊರಗೆ ಕೂತಿರ್ತೇನೆ."

"ಹಂಗಾದ್ರ ಬರ್ತೀನ್ರಿ."

ಬರೆದಿಟ್ಟ ಮೆಸೇಜನ್ನು ಅವಳು ದಿವಾ ಸ್ಟೇಷನ್ನಿನಲ್ಲಿ ಅಳಿಸಿದಳು. ಮನೆಗೆ ಬಂದು ಶರ್ಮಿಳಾ ಮೇಡಂಗೆ ಫೋನು ಮಾಡಿ ನಡೆದದ್ದನ್ನೆಲ್ಲ ಬಿಡದೆ ಹೇಳಿದಳು. ಸೋಮವಾರ ಸ್ಟಾಫ್ ರೂಮಿನಲ್ಲೂ ಹೇಳುತ್ತೇನೆ ಎಂದಳು, ಹೇಳಿದಳು ಕೂಡ.

ಭಾನುವಾರ ಐರೋಲಿಯ ಸಭಾಂಗಣದಲ್ಲಿ ನಾನು ಶರಣಬಸಮ್ಮನವರ ಪಕ್ಕದಲ್ಲಿ ಕುಳಿತಿದ್ದೆ. ವನಮಾಲಾ ಬಾಗಿಲ ಹೊರಗೆ, ಚಪ್ಪಲಿಗಳ ರಾಶಿಯ ಬಳಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ. ಒಳಗೆ ಜನ ಪಾರಿವಾಳದ ಹೆಮ್ಮೆಗೆ ನಕ್ಕರು, ಮರಿ ಬಂದಾಗ ಸುಮ್ಮನಾದರು. ರಮಿತಾಳಿಗೆ ಎರಡನೇ ಬಹುಮಾನ ಬಂತು. ಹೊರಗೆ ಬಂದಾಗ ವನಮಾಲಾಳ ಕಣ್ಣು ಕೆಂಪಾಗಿತ್ತು, ಹುಡುಗಿಯ ಪ್ರಶಸ್ತಿಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಓದಿದಳು. ಅದರ ಪ್ರತಿ ಈಗ ಶಾಲೆಯ ಆಫೀಸಿನ ಗೋಡೆಯ ಮೇಲಿದೆ.

ಇದಾಗಿ ಎರಡು ತಿಂಗಳು. ರಮಿತಾ ಈಗ ತರಗತಿಯಲ್ಲಿ ಅಷ್ಟಿಷ್ಟು ಮಾತಾಡುತ್ತಾಳಂತೆ. ಆದರೆ ವನಮಾಲಾ ಹೆಸರು ಕರೆದರೆ, ಎದ್ದು ನಿಲ್ಲುವ ಮೊದಲು ಎರಡೂ ಕೈ ಕಿವಿಯ ಮೇಲಿನ ಕೂದಲು ಸರಿಸಲು ಹೋಗುತ್ತವೆ. ಬೇಡ ಮಗಾ ಎಂದು ಎಷ್ಟೋ ಸಲ ಹೇಳಿಯಾಯಿತು. ಅದು ಬೇಕೆಂದು ಮಾಡುವುದಲ್ಲ, ಕೈ ತಾನಾಗಿ ಹೋಗುತ್ತದೆ.

ಸಂಜೆ ನಾನು ಬಂದು ಕೈಕಾಲು ತೊಳೆಯುವವರೆಗೆ ವನಮಾಲಾ ಕಾಯುತ್ತಾಳೆ. ಆಮೇಲೆ ಚಹಾದ ಲೋಟ ಎದುರಿಗಿಟ್ಟು ಹೇಳುತ್ತಾಳೆ, "ಇವತ್ತೂ ಸರಿಸಿದ್ಳು."