ನಾಲ್ಕನೆಯ ಡಿಸ್ಕ್

ರೋಣದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಫೋಟೋ ಸ್ಟುಡಿಯೋದ ಬೋರ್ಡಿನ ಮೇಲೆ ಕುತುಬುದ್ದೀನನ ಹೆಸರಿತ್ತು. ಆದರೆ ಸುತ್ತಲಿನ ಹಳ್ಳಿಗಳ ಮುಸ್ಲಿಂ ಮನೆಗಳಿಂದ ಕರೆ ಬರುತ್ತಿದ್ದುದು ಅವನ ಹೆಂಡತಿ ಹಸೀನಾಳಿಗೆ. ಮದುವೆಮನೆಯಲ್ಲಿ ಹೆಂಗಸರು ಕೂತ ಕೋಣೆಗೆ ಗಂಡಸು ಕ್ಯಾಮೆರಾ ಹಿಡಿದು ಹೋಗುವಂತಿರಲಿಲ್ಲ. ಪರಗಂಡಸರಿಗೆ ಮುಖ ತೋರಿಸದವರು ಅವಳ ಮುಂದೆ ಸೆರಗು ಸರಿಸಿ, ಮೆಹಂದಿಯ ಕೈ ಚಾಚಿ ಕೂಡುತ್ತಿದ್ದರು. ಆ ಫೋಟೋಗಳನ್ನು ಅಂಗಡಿಯ ಗಾಜಿನಲ್ಲಿ ಇಡಕೂಡದೆಂದು ಅವಳು ಗಂಡನಿಗೆ ತಾಕೀತು ಮಾಡಿದ್ದಳು.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಎಲ್ಲವೂ ಕಂಪ್ಯೂಟರಿಗೆ ಹೋದವು. ಅದರಲ್ಲಿ ಮೂರು ಹಾರ್ಡ್‌ಡಿಸ್ಕ್‌ಗಳು. ಮದರ್‌ಬೋರ್ಡಿನಲ್ಲೇ ಇದ್ದ ಕಂಟ್ರೋಲರ್ ಎಂಬ ಚಿಪ್ಪು ಮೂರನ್ನೂ ಕೂಡಿಸಿ ಒಂದೇ ಮಾಡಿತ್ತು. ಇದಕ್ಕೆ ರೇಡ್ ಅನ್ನುತ್ತಾರೆ, ಒಂದು ಡಿಸ್ಕ್ ಸತ್ತರೂ ಉಳಿದೆರಡು ಸೇರಿ ಎಲ್ಲವನ್ನೂ ಮರಳಿ ಕೊಡುತ್ತವೆ ಎಂದು ಕುತುಬುದ್ದೀನ ಬಂದವರಿಗೆಲ್ಲ ಹೇಳುತ್ತಿದ್ದ. ಆ ಧೈರ್ಯದ ಮೇಲೆ ಬೇರೆ ಪ್ರತಿ ಇಡುವುದನ್ನೇ ಬಿಟ್ಟಿದ್ದ.

೨೦೦೯ರಲ್ಲಿ ಮಲಪ್ರಭೆ ಉಕ್ಕಿ ಮೆಣಸಗಿ, ಹೊಳೆಆಲೂರುಗಳಿಗೆ ನುಗ್ಗಿತು. ನೀರು ಇಳಿದ ಮೇಲೆ ಟ್ರಂಕು ತೆರೆದರೆ ಆಲ್ಬಮ್‌ಗಳು ಕೆಸರಿನ ಮುದ್ದೆಯಾಗಿದ್ದವು. ಜನ ಸ್ಟುಡಿಯೋ ಹುಡುಕಿಕೊಂಡು ಬಂದರು. ಮೆಣಸಗಿಯ ಮುದುಕಿ ಹಸನಬಿ ಕೇಳಿದ್ದು ಮಗಳು ಹುಸ್ನಾಳ ಮದುವೆಯ ಫೋಟೋ. ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡ ಹುಸ್ನಾಳದು ಬೇರೊಂದು ಚಿತ್ರ ಎಲ್ಲಿಯೂ ಇರಲಿಲ್ಲ. ಅವತ್ತು ಪ್ರಿಂಟರಿನ ಶಾಯಿ ಮುಗಿದಿತ್ತು. ಮುಂದಿನ ಸಂತೆಗೆ ಬಂದರೆ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡುವುದಾಗಿ ಹಸೀನಾ ಹೇಳಿ ಕಳಿಸಿದಳು.

ಪರಿಹಾರದ ಅರ್ಜಿಗೆಂದು ಬಿದ್ದ ಮನೆಗಳ ಫೋಟೋ ತೆಗೆದು ತೆಗೆದು ಡಿಸ್ಕ್‌ಗಳು ತುಂಬಿದ್ದವು. ಕುತುಬುದ್ದೀನ ನಾಲ್ಕನೆಯದನ್ನು ತಂದ. ಅದನ್ನು ರೇಡಿಗೆ ಸೇರಿಸಬೇಕಾದರೆ ಇದ್ದದ್ದನ್ನೆಲ್ಲ ನಾಲ್ಕರಲ್ಲೂ ಹೊಸದಾಗಿ ಹಂಚಬೇಕು. ಒಂದು ದಿನ ದಾಟಿಯೇ ಮುಗಿಯುವ ಕೆಲಸ.

"ಮೊದಲ ಈ ಹೊಸಾದ್ರಾಗ ಹೆಣ್ಮಕ್ಕಳ ಫೋಟೋದ ನಕಲು ಇಡ್ರಿ. ಸೇರ್ಸೂದು ಆಮ್ಯಾಲ ನೋಡೂಣು," ಎಂದಳು ಹಸೀನಾ.

"ರೇಡ್ ಅದ, ಏನೂ ಆಗೂದಿಲ್ಲ. ನಿನಗ ತಿಳಿಯೂದಿಲ್ಲ ಸುಮ್ನಿರು."

ಅಂದೇ ಸಂಜೆ ಅವನು ನಾಲ್ಕನೆಯದನ್ನು ಜೋಡಿಸಿ ಹಂಚುವ ಕೆಲಸಕ್ಕೆ ಹಚ್ಚಿದ.

ಮರುದಿನ ಮಧ್ಯಾಹ್ನ, ಹಂಚುವ ಕೆಲಸ ಅರ್ಧಕ್ಕೆ ಬಂದಾಗ, ಕರೆಂಟು ಹೋಯಿತು. ಯುಪಿಎಸ್ ಕೂಗಿ ಕೂಗಿ ಸತ್ತಿತು. ಕರೆಂಟು ಬಂದ ಮೇಲೆ ರೇಡ್ ಕೆಟ್ಟಿದೆ ಎಂಬ ಕೆಂಪಕ್ಷರ ಪರದೆಯ ಮೇಲೆ ಕೂತಿತ್ತು. ಬಂದ್ ಮಾಡಿ ಹುಬ್ಬಳ್ಳಿಯ ರಿಪೇರಿಯವನ ಹತ್ತಿರ ಒಯ್ಯೋಣ ಎಂದು ಹಸೀನಾ ಗೋಗರೆದಳು. ಅವನು ಕೇಳಲಿಲ್ಲ. ಹಳೆಯ ರೇಡನ್ನು ತೆಗೆದು ಹೊಸದು ಕಟ್ಟಿದರೆ ಎಲ್ಲ ತಾನಾಗಿ ಬರುತ್ತದೆಂದು ತಿಳಿದು, ಇದ್ದದ್ದು ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆಗೂ ಹೂಂ ಎಂದು ಒತ್ತಿಬಿಟ್ಟ. ಆಮೇಲೆ ಕಂಡದ್ದು ಖಾಲಿ ಡಿಸ್ಕ್. ಕೊನೆಗೆ ಒಯ್ದು ತೋರಿಸಿದಾಗ, ಕೆಟ್ಟ ಕೂಡಲೇ ತಂದಿದ್ದರೆ ಏನಾದರೂ ಸಿಗುತ್ತಿತ್ತೇನೋ ಎಂದು ಹುಬ್ಬಳ್ಳಿಯವನು ಕೈ ಚೆಲ್ಲಿದ.

ಬಂದವರಿಗೆಲ್ಲ ಕುತುಬುದ್ದೀನ ವೈರಸ್ಸಿನ ಕಥೆ ಹೇಳತೊಡಗಿದ. ಸಂತೆಯ ದಿನ ಹಸನಬಿಗೂ ಅದನ್ನೇ ಶುರುಮಾಡಿದ. ಹಸೀನಾಳಿಗೆ ತಡೆಯಲಾಗಲಿಲ್ಲ.

"ಸುಳ್ಳ ಹೇಳಬ್ಯಾಡ್ರಿ. ಖಾಲಾ, ನಮ್ಮ ಕೈಯಾಗ ಹಾಳಾತು. ಹುಸ್ನಾನ ಫೋಟೋ ಇನ್ನ ಸಿಗೂದಿಲ್ಲ."

ಹಸನಬಿ ಬೆಂಚಿನ ಮೇಲೆ ಕೂತಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಹಸೀನಾ ಕಾದಳು. ಮುದುಕಿ ಕೇಳಿದ್ದು ಬೇರೆ.

"ನೀ ಬಾಜೂಕ ನಿಂತು ನೋಡೀದಿ. ನಾ ಅಡಗಿ ಗದ್ದಲದಾಗ ಇದ್ನಿ. ಅವತ್ತ ಆಕಿ ನಕ್ಕಿದ್ಲೇನವಾ?"

ಹಸೀನಾ ನೆನೆಸಿಕೊಳ್ಳಲು ನೋಡಿದಳು. ಎಷ್ಟೋ ಮದುವೆಗಳು, ಎಷ್ಟೋ ಕೆಂಪು ದುಪಟ್ಟಾಗಳು. ಕಂಪ್ಯೂಟರಿನಲ್ಲಿದೆಯಲ್ಲ ಎಂದು ಅವಳು ಯಾವ ಮುಖವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಹುಸ್ನಾಳ ಮುಖ ನೆನಪಿಗೆ ಬರಲೇ ಇಲ್ಲ.

"ನಕ್ಕಿದ್ಲು ಖಾಲಾ," ಎಂದಳು. "ಭಾಳ ಚಂದ ನಕ್ಕಿದ್ಲು."

ಕುತುಬುದ್ದೀನ ತಲೆಯೆತ್ತಿ ಹೆಂಡತಿಯನ್ನು ನೋಡಿದ.

ಅಂದಿನಿಂದ ಹಸೀನಾ ಮದುವೆಗಳಿಗೆ ಹೋಗಲಿಲ್ಲ. ಕರೆಯಲು ಬಂದವರಿಗೆ ಮೊಣಕಾಲು ನೋವೆಂದಳು. ಅಂಗಡಿಯಲ್ಲೇ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತ ಉಳಿದಳು. ಮೆಣಸಗಿಯಿಂದ ಯಾರು ಬಂದರೂ ಹಸನಬಿ ದುವಾ ಹೇಳಿದ್ದಾಳೆ ಎನ್ನುತ್ತಿದ್ದರು. ಮಗಳು ನಕ್ಕಿದ್ದಳಂತೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ ಎನ್ನುತ್ತಿದ್ದರು. ಹಸೀನಾ ಕೇಳಿಸದವಳಂತೆ ಒಳಗೆ ಹೋಗಿಬಿಡುತ್ತಿದ್ದಳು.