ಎತ್ತಿಕೊಡುವ ದನಿ

ನನ್ನ ಕಿವಿಗಳ ಬಗ್ಗೆ ನನಗೆ ಸ್ವಲ್ಪ ಜಂಬ ಇದೆ. ನೋಡುವುದಕ್ಕೆ ಅವು ಅಗಲವಾಗಿ, ತುಸು ಮುಂದಕ್ಕೆ ಬಾಗಿ, ಯಾರೋ ಚಾಡಿ ಹೇಳುವುದನ್ನೇ ಕಾಯುತ್ತಿರುವ ಹಾಗೆ ನಿಂತಿವೆ. ಆ ವಿಷಯ ಬಿಡಿ. ಕೇಳುವುದರಲ್ಲಿ ಅವಕ್ಕೆ ಸಾಟಿ ಇಲ್ಲ ಎಂದು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದೇನೆ. ಬಳ್ಳಾರಿಯಲ್ಲಿ ನನ್ನದೊಂದು ಜೀನ್ಸ್ ಹೊಲಿಯುವ ಘಟಕವಿದೆ. ಸಾಲಾಗಿ ಮಷಿನ್ನುಗಳು ಓಡುತ್ತಿರುವಾಗ ಯಾವುದರ ಸೂಜಿ ಮೊಂಡಾಗಿದೆ ಎಂದು ಬಾಗಿಲಲ್ಲೇ ನಿಂತು ಹೇಳಬಲ್ಲೆ. ಹೇಳಿದ್ದು ಕೆಲವೊಮ್ಮೆ ನಿಜವೂ ಆಗಿರುತ್ತದೆ.

ಇಂಥ ಕಿವಿಗಳಿಗೆ ತಕ್ಕ ಮೇವು ಬೇಡವೇ? ಅದಕ್ಕೇ ಗಾಂಧಿನಗರದ ನಮ್ಮ ಮನೆಯ ಹಾಲಿಗೆ ಒಂದು ಹೈ-ರೆಸ್ ಪ್ಲೇಯರ್ ಬಂತು, ಅದರ ಹಿಂದೆ ಎರಡು ಸ್ಪೀಕರ್ ಬಂದವು. ಮಾರಿದ ಅಂಗಡಿಯವನು ಪರೀಕ್ಷೆಗೆಂದು ಹಾಕಿ ತೋರಿಸಿದ್ದು ಒಂದು ಇಟಲಿಯ ಆಪೆರಾ, ಹಾಡಿನಲ್ಲೇ ನಡೆಯುವ ನಾಟಕ. ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಒಬ್ಬ ಗಂಡಸು ಎದೆಯುಬ್ಬಿಸಿ ಯಾರನ್ನೋ ಗದರುತ್ತಿದ್ದ, ಒಬ್ಬ ಹೆಂಗಸು ಉಸಿರು ಕಟ್ಟಿ ಮೇಲಿನ ಸ್ವರಕ್ಕೆ ಏರುತ್ತಿದ್ದಳು, ಹಿಂದಿನಿಂದ ಇಡೀ ಮೇಳ ಭೋರೆಂದು ಸೇರಿಕೊಳ್ಳುತ್ತಿತ್ತು. ಅಯ್ಯೋ, ಇದು ನಮ್ಮ ಬಯಲಾಟದ ದೊಡ್ಡಾಟವಲ್ಲವೇ ಎನಿಸಿಬಿಟ್ಟಿತು. ಭುಜಕೀರ್ತಿಯೊಂದು ಕಣ್ಣಿಗೆ ಕಾಣಲಿಲ್ಲ ಅಷ್ಟೆ. ಪ್ಲೇಯರ್ ಜೊತೆಗೆ ಆಪೆರಾದ ಹುಚ್ಚನ್ನೂ ಕಟ್ಟಿಸಿಕೊಂಡು ಬಂದೆ.

ಹೈ-ರೆಸ್ ಎಂದರೇನು ಎಂದು ನೀವು ಕೇಳಬೇಕೆಂದು ನನಗೆ ಆಸೆ. ಯಾರೂ ಕೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ದನಿಯನ್ನು ಯಂತ್ರಕ್ಕೆ ಇಳಿಸುವುದೆಂದರೆ ಹೊಲಿಗೆ ಹಾಕಿದ ಹಾಗೆ. ಸಿಡಿಯಲ್ಲಿ ಒಂದು ಸೆಕೆಂಡಿನ ದನಿಗೆ ನಲವತ್ತನಾಲ್ಕು ಸಾವಿರಕ್ಕೂ ಮಿಕ್ಕಿದ ಹೊಲಿಗೆ ಬೀಳುತ್ತದೆ. ಹೈ-ರೆಸ್‌ನಲ್ಲಿ ತೊಂಬತ್ತಾರು ಸಾವಿರ, ಅದಕ್ಕೂ ಮೇಲೆ. ಫೋನಿನಲ್ಲಿ ಕೇಳುವ ಎಂಪಿ3 ಇದೆಯಲ್ಲ, ಅದು ಬಟ್ಟೆ ಹಗುರಾಗಲೆಂದು ಒಳಗಿನ ಅಸ್ತರನ್ನು ಕಿತ್ತು ಕೊಟ್ಟ ಕೋಟು. ಈ ಭಾಷಣವನ್ನು ಮನೆಗೆ ಬಂದವರಿಗೆಲ್ಲ ಕೊಟ್ಟಿದ್ದೇನೆ. ಒಂದೇ ತೊಂದರೆ, ಅಂಕಿ ಮತ್ತು ಹೆಸರುಗಳ ಹತ್ತಿರ ಬಂದಾಗ ನನ್ನ ನಾಲಿಗೆ ತಡವರಿಸುತ್ತದೆ. "ಸೆಕೆಂಡಿಗೆ... ಸೆಕೆಂಡಿಗೆ..." ಎನ್ನುತ್ತಿರುವಾಗ ಅಡುಗೆಮನೆಯಿಂದ "ತೊಂಬತ್ತಾರು ಸಾವಿರ" ಎಂಬ ಸಣ್ಣ ದನಿ ಬರುತ್ತದೆ. ನನ್ನ ಹೆಂಡತಿ ನೀಲಮ್ಮನದು. ನಾನು ಅದನ್ನು ಎತ್ತಿಕೊಂಡು ಮುಂದುವರಿಯುತ್ತೇನೆ, ಬಂದವರು ನನ್ನ ಜ್ಞಾನಕ್ಕೆ ತಲೆದೂಗುತ್ತಾರೆ.

ತಲೆದೂಗದವನು ಒಬ್ಬನೇ, ನನ್ನ ಹಳೆಯ ಗೆಳೆಯ ಖಾದರ್ ಭಾಯ್. ಸಿರುಗುಪ್ಪದಲ್ಲಿ ಅವನದು ಸೌಂಡ್ ಸರ್ವಿಸ್. ಮದುವೆ, ಉರುಸು, ಬಯಲಾಟ ಏನಿದ್ದರೂ ಸುತ್ತಿನ ಹಳ್ಳಿಗಳಿಗೆ ಮೈಕು, ಸ್ಪೀಕರ್ ಪೆಟ್ಟಿಗೆ ಹೋಗುವುದು ಅವನಿಂದಲೇ. ಅವನ ಪ್ರಕಾರ ಸೌಂಡಿನಲ್ಲಿ ಎರಡೇ ಜಾತಿ: ಕೇಳಿಸುವುದು, ಕೇಳಿಸದ್ದು. "ಸೌಂಡ್ ಅಂದ್ರ ಎದಿ ನಡುಗಬೇಕು ಸಾವ್ಕಾರ. ನಿಂದೇನಿದು, ಕಿವ್ಯಾಗ ಹತ್ತಿ ಇಟ್ಟಂಗ ಐತಿ," ಎಂದು ಬಂದಾಗಲೆಲ್ಲ ನನ್ನ ಸ್ಪೀಕರುಗಳ ತಲೆ ಸವರುತ್ತಾನೆ. ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಅವನು ಪಂಥವನ್ನೇ ಕಟ್ಟಿಬಿಟ್ಟ. ಒಂದೇ ಆಪೆರಾದ ಒಂದೇ ದಿನದ ಪ್ರದರ್ಶನ, ಜನ ತುಂಬಿದ ರಂಗಮಂದಿರದಲ್ಲಿ ಮಾಡಿಕೊಂಡ ಧ್ವನಿಮುದ್ರಣ, ನನ್ನಲ್ಲಿ ಎಂಪಿ3, ಸಿಡಿ, ಹೈ-ರೆಸ್ ಮೂರೂ ರೂಪದಲ್ಲಿದೆ. ನಾನು ಗೋಡೆಗೆ ಮುಖ ಮಾಡಿ ಕೂರಬೇಕು, ಅವನು ತನಗೆ ತೋಚಿದ್ದನ್ನು ಹಾಕುತ್ತಾನೆ, ಯಾವುದು ಯಾವುದೆಂದು ನಾನು ಹೇಳಬೇಕು. ತಪ್ಪಿದರೆ ಇನ್ನು ಮುಂದೆ ಗೆಳೆಯರ ನಡುವೆ 'ಕ್ವಾಲಿಟಿ' ಎಂಬ ಮಾತು ನನ್ನ ಬಾಯಿಂದ ಬರಕೂಡದು. ಜೀನ್ಸ್ ವ್ಯಾಪಾರಿಯ ಬಾಯಿಂದ ಆ ಮಾತು ಕಿತ್ತುಕೊಂಡರೆ ಉಳಿಯುವುದು ಬರೀ ಕೆಮ್ಮು. ಆದರೂ ಒಪ್ಪಿದೆ. ನನ್ನ ಕಿವಿಗಳ ಮಾನದ ಪ್ರಶ್ನೆ.

ಮೊದಲನೆಯದನ್ನು ಸರಿಯಾಗಿ ಹೇಳಿದೆ. ಎರಡನೆಯದಕ್ಕೆ ಕಣ್ಣು ಮುಚ್ಚಿ, ತಲೆ ಓರೆ ಮಾಡಿ, "ಆಹಾ, ಹೈ-ರೆಸ್! ಆ ಪಿಟೀಲಿನ ನಯ ನೋಡು," ಎಂದೆ. ಖಾದರ್ ಭಾಯ್ ನಗುವುದು ಕೇಳಿಸಿತು. ಅದು ಎಂಪಿ3 ಆಗಿತ್ತು. ಆಮೇಲೆ ನನ್ನ ಆಟ ಪೂರಾ ಕೆಟ್ಟಿತು. ಸಿಡಿಯನ್ನು ಹೈ-ರೆಸ್ ಎಂದೆ, ಹೈ-ರೆಸ್ಸನ್ನು ಸಿಡಿ ಎಂದೆ. ಮನುಷ್ಯರ ಕಿವಿಗೆ ಸಿಡಿಯೇ ಸಾಕು, ಅದಕ್ಕಿಂತ ಮೇಲಿನದು ಬಾವಲಿಗಳಿಗೆ ಮಾತ್ರ ಎಂದು ವಾದಿಸುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಅವರೆಲ್ಲ ಆ ಹೊತ್ತು ನಮ್ಮ ಹಾಲಿನಲ್ಲಿ ಸಾಲಾಗಿ ಕೂತು ನನ್ನ ಬೆನ್ನನ್ನೇ ನೋಡುತ್ತಿದ್ದಾರೆ ಎನಿಸಿತು. 

ಆಗ ನೀಲಮ್ಮ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಟ್ಟೆ ಹಿಡಿದು ಒಳಗೆ ಬಂದಳು. ಟೀಪಾಯಿಯ ಮೇಲೆ ಇಡಲು ಬಗ್ಗಿದವಳು ಬಗ್ಗಿದಂತೆಯೇ ನಿಂತಳು.

"ರೀ, ಇದ್ರಾಗ ಯಾರೋ ಮಾಸ್ತರ ಅದಾರ."

"ಯಾವ ಮಾಸ್ತರ?"

"ಆಕಿ ಹಾಡೋಕಿಂತ ಮೊದ್ಲು ಯಾರೋ ಮಾತು ಎತ್ತಿಕೊಡಾಕತ್ಯಾರ. ಗಂಡಸು. ಕೆಳಗ ಎಲ್ಲೋ ಕುಂತಾನ."

ಇಲ್ಲಿ ನನ್ನ ಮಾವನವರ ಬಗ್ಗೆ ಹೇಳಲೇಬೇಕು. ನೀಲಮ್ಮನ ತಂದೆ, ಈಗ ಅವರಿಲ್ಲ, ಕುರುಗೋಡಿನ ಬಯಲಾಟದ ಮಾಸ್ತರಾಗಿದ್ದರು. ಭತ್ತದ ನಾಟಿ ಮುಗಿದು ಕೈ ಖಾಲಿಯಾದ ರೈತರನ್ನು ದೇಶನೂರಿನಂಥ ಊರುಗಳಲ್ಲಿ ತಿಂಗಳುಗಟ್ಟಲೆ ಕೂಡಿಸಿ, ಕುಣಿಸಿ, ಹಾಡಿಸಿ, ಒಬ್ಬನನ್ನು ರಾಜನನ್ನಾಗಿ, ಇನ್ನೊಬ್ಬನನ್ನು ರಾಕ್ಷಸನನ್ನಾಗಿ ಮಾಡಿ ಅಟ್ಟದ ರಂಗ ಹತ್ತಿಸುವುದು ಅವರ ಕೆಲಸವಾಗಿತ್ತು. ಆಟದ ದಿನ ಅವರು ಮೇಳದವರ ನಡುವೆ ಹಿಂದೆ ನಿಲ್ಲುತ್ತಿದ್ದರು. ಕಿರೀಟದ ಭಾರಕ್ಕೋ ಜನರ ಕೇಕೆಗೋ ರಾಜನಿಗೆ ಮಾತು ಮರೆತರೆ, ಸಾಲಿನ ಮೊದಲ ಪದ ಹಿಂದಿನಿಂದ ಮೆಲ್ಲಗೆ ಬರುತ್ತಿತ್ತು. ರಾಜ ಅದನ್ನು ಹಿಡಿದು ಗರ್ಜಿಸುತ್ತಿದ್ದ. ನೋಟಿನ ಹಾರ ಬೀಳುತ್ತಿದ್ದುದು ರಾಜನ ಕೊರಳಿಗೆ. ಚಿಕ್ಕ ಹುಡುಗಿ ನೀಲಮ್ಮ ಅಟ್ಟದ ಕೆಳಗೆ ಕೂತು ರಾಜನನ್ನು ನೋಡುತ್ತಲೇ ಇರಲಿಲ್ಲವಂತೆ. ಅಪ್ಪನ ಪದ ಯಾವಾಗ ಬರುತ್ತದೆ ಎಂದು ಕಿವಿ ಕೊಟ್ಟು ಕಾಯುತ್ತಿದ್ದಳಂತೆ. ಆ ಆಟಗಳಿಗೆ ಮೈಕು ಕಟ್ಟಿದವನು ಬೇರೆ ಯಾರೂ ಅಲ್ಲ, ಇದೇ ಖಾದರ್ ಭಾಯ್.

ಈಗ ಅವನ ಮುಖದಲ್ಲಿ ನಗು ಇರಲಿಲ್ಲ. "ಅಕ್ಕಾರ, ನೀವು ಕುಂದರ್ರಿ ಇಲ್ಲಿ," ಎಂದು ನನ್ನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಅವಳನ್ನು ಕೂರಿಸಿದ. ಅದೇ ಹಾಡಿನ ತುಣುಕನ್ನು ಮೂರೂ ರೂಪದಲ್ಲಿ ಹಿಂದುಮುಂದು ಮಾಡಿ ಹಾಕತೊಡಗಿದ. ನೀಲಮ್ಮ ಸೆರಗಿನ ತುದಿ ಹಿಡಿದುಕೊಂಡು ಕೇಳಿದಳು. "ಇದ್ರಾಗ ಇಲ್ಲ, ಬರೀ ಗಾಳಿ ಊದಿದಂಗ ಐತಿ." ಎಂಪಿ3. "ಇದ್ರಾಗ ಅದಾರ, ಆದ್ರ ಮಾತು ತಿಳಿವಲ್ದು." ಸಿಡಿ. "ಇದ್ರಾಗ ನೋಡ್ರಿ, ತುಟಿ ಹಚ್ಚಿ ಬಿಡೋದೂ ಕೇಳಸ್ತೈತಿ." ಹೈ-ರೆಸ್! ಮತ್ತೆ ಕಲಸಿ ಹಾಕಿದ, ಮತ್ತೆ ಸರಿ. ಎಷ್ಟು ಸಲ ಹಾಕಿದರೂ ಒಂದೂ ತಪ್ಪಲಿಲ್ಲ. ಮಿರ್ಚಿ ತಣ್ಣಗಾಯಿತು. ಮಿರ್ಚಿ ತಣ್ಣಗಾಗಲು ಖಾದರ್ ಭಾಯ್ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ನಾನೂ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಹೌದು! ಪ್ರತಿ ಸಾಲಿಗೂ ಒಂದು ಕಣ್ಣು ಮಿಟುಕುವಷ್ಟು ಮೊದಲು, ತಗ್ಗಿದ, ಅವಸರವಿಲ್ಲದ ಒಂದು ದನಿ. ಗಾಯಕಿಯ ದನಿ ಮಾಳಿಗೆ ಹತ್ತುವ ಮುನ್ನ ಏಣಿ ಹಿಡಿದು ನಿಂತವನ ದನಿ. ಹುಡುಕಿ ಓದಿದರೆ ತಿಳಿಯಿತು: ಅಲ್ಲಿನ ಕೆಲವು ಹಳೆಯ ರಂಗಮಂದಿರಗಳಲ್ಲಿ ವೇದಿಕೆಯ ಮುಂಭಾಗದಲ್ಲಿ ಒಂದು ಸಣ್ಣ ಗೂಡು ಇರುತ್ತದೆ. ಪ್ರೇಕ್ಷಕರಿಗೆ ಕಾಣದಂತೆ ಮರೆ ಮಾಡಿದ ಆ ಗೂಡಿನಲ್ಲಿ ಕೂತು ಒಬ್ಬ ಮಾತು ಎತ್ತಿಕೊಡುತ್ತಾನೆ. ನಾನು ವರ್ಷಗಟ್ಟಲೆ ಅವನನ್ನು ಸಭಿಕರ ಗೊಣಗು ಎಂದುಕೊಂಡು ಬಿಟ್ಟುಬಿಟ್ಟಿದ್ದೆ. ಅಷ್ಟು ಹೊಲಿಗೆ ಎಣಿಸಿದವನು ಒಳಗಿನ ನೂಲನ್ನೇ ನೋಡಿರಲಿಲ್ಲ.

ಇದು ಹೈ-ರೆಸ್‌ನ ಮಹಿಮೆಯೋ, ಮೂಲ ಟೇಪಿನಿಂದ ಹೊಸದಾಗಿ ಇಳಿಸುವಾಗ ಯಾರೋ ವಹಿಸಿದ ಮುತುವರ್ಜಿಯ ಫಲವೋ ಎಂದು ತಿಳಿದವರು ತಕರಾರು ತೆಗೆಯಬಹುದು. ತೆಗೆಯಲಿ. ಪಂಥ ಗೆದ್ದವರು ಅಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ಸೋತದ್ದು ನಾನು, ಗೆದ್ದದ್ದು ನನ್ನ ಯಂತ್ರ, ಗೆಲ್ಲಿಸಿದ್ದು ನನ್ನ ಹೆಂಡತಿ. 'ಕ್ವಾಲಿಟಿ' ಎಂಬ ಮಾತು ಮನೆಯಲ್ಲೇ ಉಳಿಯಿತು. ನನ್ನ ಕಿವಿಗಳ ಮೇಲಿದ್ದ ಜಂಬವೆಲ್ಲ ಆ ಮಧ್ಯಾಹ್ನವೇ ನೀಲಮ್ಮನ ಕಿವಿಗಳ ಹೆಸರಿಗೆ ವರ್ಗವಾಯಿತು. ವರ್ಗವಾಗಿ ದುಪ್ಪಟ್ಟಾಯಿತು ಎಂದೇ ಹೇಳಬೇಕು. ಈಗ ಬಂದವರಿಗೆ ಹೊಲಿಗೆಯ ಲೆಕ್ಕ ಹೇಳುವುದನ್ನು ಬಿಟ್ಟು ಅವಳನ್ನೇ ಕರೆದು ಕೂರಿಸುತ್ತೇನೆ. ಅವಳಿಗೆ ಅದು ಮುಜುಗರ, ನನಗೆ ಹಬ್ಬ.

ಖಾದರ್ ಭಾಯ್ ಹೊರಡುವಾಗ ಹೊಸ್ತಿಲಲ್ಲಿ ನಿಂತು ಒಂದು ಮಾತು ಹೇಳಿದ. "ಮಾಸ್ತರು ಮೈಕು ಕಂಡ್ರ ಹಿಂದ ಸರೀತಿದ್ರು ಅಕ್ಕಾರ. 'ನನ್ನ ದನಿ ಅದ್ರಾಗ ಬೀಳಬಾರ್ದು ಖಾದರ್, ಪಾರ್ಟು ಮಾಡೋ ಹುಡುಗನ ಮರ್ಯಾದಿ ಹೋಗ್ತೈತಿ' ಅಂತಿದ್ರು." ಮಾವನವರ ಆಟಗಳ ಕ್ಯಾಸೆಟ್ಟುಗಳನ್ನು ಅವನು ಎಷ್ಟೋ ಮಾಡಿದ್ದಾನೆ, ನಮ್ಮ ಮನೆಯಲ್ಲೂ ಕೆಲವು ಇವೆ. ಯಾವುದರಲ್ಲೂ ಅವರ ದನಿ ಇಲ್ಲ. ಅವರಿಗೆ ಬೇಕಾಗಿದ್ದೂ ಅದೇ. ಅವನು ಹೋದ ಮೇಲೆ ನೀಲಮ್ಮ ಒಳಗೆ ಬಂದು, ಆ ಆಪೆರಾದ ಡಬ್ಬಿಯ ಮೇಲೆ ಯಾರಾರ ಹೆಸರು ಹಾಕಿದ್ದಾರೆ ಓದಿ ಎಂದಳು. ಹಾಡಿದವರು, ವಾದ್ಯ ನಡೆಸಿದವರು, ಧ್ವನಿ ಮುದ್ರಿಸಿಕೊಂಡವರು, ಎಲ್ಲರ ಹೆಸರೂ ಓದಿದೆ. ಗೂಡಿನಲ್ಲಿ ಕೂತವನ ಹೆಸರು ಇರಲಿಲ್ಲ. "ಇರ್ಲಿ ಬಿಡ್ರಿ, ದನಿ ಸಿಕ್ತಲ್ಲ," ಎಂದಳು. ಅವಳ ಕಣ್ಣು ತುಂಬಿತ್ತು, ಮುಖ ಮಾತ್ರ ಬೀಗುತ್ತಿತ್ತು. ಈಗ ಅವಳು ಕೆಲಸ ಮುಗಿಸಿ ಬಂದು ತಾನೇ ಅದನ್ನು ಹಾಕಿಕೊಂಡು ಕೂರುತ್ತಾಳೆ. ಅವಳ ಕಿವಿ ಇರುವುದು ಗಾಯಕಿಯ ಕಡೆಗಲ್ಲ, ಗೂಡಿನವನ ಕಡೆಗೆ.

ಹೋದ ತಿಂಗಳು ಕುರುಗೋಡಿನಲ್ಲಿ ಬಯಲಾಟದ ಕಲಾವಿದರು ಒಂದು ಸಣ್ಣ ಸಭೆ ಮಾಡಿ ಮಾವನವರನ್ನು ನೆನೆದರು. ಅಳಿಯ ಎಂಬ ಅರ್ಹತೆಯ ಮೇಲೆ ನನ್ನನ್ನೂ ಮಾತಿಗೆ ಕರೆದರು. ನೀಲಮ್ಮನಿಗೆ ವೇದಿಕೆಯ ಮೇಲೆ ನನ್ನ ಹಿಂದೆಯೇ ಕುರ್ಚಿ ಹಾಕಿದ್ದರು. ಈ ಕತೆಯನ್ನೇ ಹೇಳತೊಡಗಿದೆ. ಜನ ಕಿವಿಗೊಟ್ಟು ಕೇಳುತ್ತಿದ್ದಾರೆ, ನನಗೋ ಎದೆ ಉಬ್ಬಿಹೋಗಿದೆ. ಹೇಳುತ್ತ ಹೇಳುತ್ತ, "ಸಮುದ್ರದಾಚೆಯ ಆ ದೇಶದಲ್ಲೂ, ಅದೇ... ಅದೇ..." ಎಂದು ನಿಂತುಬಿಟ್ಟೆ. ದೇಶದ ಹೆಸರೇ ಹಾರಿಹೋಗಿತ್ತು. ಮೈಕಿಗೆ ಬೀಳದಷ್ಟು ಮೆಲ್ಲಗೆ, ನನಗೆ ಬೀಳುವಷ್ಟು ಸ್ಪಷ್ಟವಾಗಿ, ಹಿಂದಿನಿಂದ ಬಂತು: "ಇಟಲಿ."

"ಇಟಲಿಯಲ್ಲೂ ನಮ್ಮ ಮಾಸ್ತರಂಥವರು ಇದ್ದಾರೆ!" ಎಂದು ಗರ್ಜಿಸಿದೆ. ಚಪ್ಪಾಳೆ ಬಿತ್ತು. ಅದು ಸಲ್ಲಬೇಕಾದವರು ಯಾರೆಂದು ನನಗೆ ಗೊತ್ತಿತ್ತು. ಸಭೆಗೆ ಬೆನ್ನು ಮಾಡಿ, ಹಿಂದಕ್ಕೆ ತಿರುಗಿ, ನಾನೂ ಜೋರಾಗಿ ಚಪ್ಪಾಳೆ ತಟ್ಟಿದೆ.

ನೀಲಮ್ಮ ಸೆರಗಿನಿಂದ ಬಾಯಿ ಮರೆ ಮಾಡಿಕೊಂಡು, ಅದೇ ತಗ್ಗಿದ ದನಿಯಲ್ಲಿ ಅಂದಳು: "ಮುಂದಕ ತಿರುಗ್ರಿ. ಭಾಷಣ ಇನ್ನೂ ಮುಗದಿಲ್ಲ."